ತಳದ ಒಂದು ಹಿಡಿ ಮಣ್ಣು

ವಿದೇಶಕ್ಕೆ ಹೋಗಿಬಂದವರ ಮನೆಗೆ ಹೋದರೆ ಕಾಫಿಗಿಂತ ಮೊದಲು ಫೋಟೊ ಬರುತ್ತದೆ. ನನ್ನ ಬಳಿ ತೋರಿಸುವುದಕ್ಕೆ ಇರುವುದು ಒಂದೇ ಫೋಟೊ. ಅದರಲ್ಲಿ ಕಪ್ಪು ರಬ್ಬರಿನ ಉಡುಪು ತೊಟ್ಟು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಮುಖಕ್ಕೆ ಗಾಜು ಹಾಕಿಕೊಂಡ ಯಾರೋ ಒಬ್ಬರು ಕಡಲ ತಳದಲ್ಲಿ ಮಂಡಿಯೂರಿ ಕೂತಿದ್ದಾರೆ. ನನ್ನ ಮಗಳು ನೋಡಿ "ಇದ್ಯಾರಮ್ಮ?" ಎಂದಳು. "ನಿಮ್ಮಮ್ಮ ಕಣೆ" ಎಂದೆ. ನಂಬಲಿಲ್ಲ. ಮುಂಗೈಯ ಹಸಿರು ಗಾಜಿನ ಬಳೆ ತೋರಿಸಿದ ಮೇಲೆ ಫೋನನ್ನು ಕೈಗೆ ತೆಗೆದುಕೊಂಡು ದೊಡ್ಡದು ಮಾಡಿ ಮಾಡಿ ನೋಡಿದಳು.

ಈಗ ಮೂರು ವರ್ಷವಾಯಿತು. ಆಮೇಲೆ ಎರಡು ಸಲ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮುಳುಗಿ ಬಂದಿದ್ದೇನೆ. ಈ ವರ್ಷವೂ ಹೋಗಬೇಕು. ಹುಚ್ಚು ಹಿಡಿದಿದೆ ಎಂದು ನೆಂಟರೆಲ್ಲ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಆದರೆ ಮೊದಲ ಸಲದ ನೆನಪು ಬಂದರೆ ಒಲೆಯ ಮೇಲೆ ಹಾಲಿಟ್ಟಿರುವುದೂ ಮರೆತುಹೋಗುತ್ತದೆ. ಅದನ್ನೇ ಬರೆಯುತ್ತಿದ್ದೇನೆ.

ಹೊರಡುವ ಮೊದಲು: ಚಂದಾಪುರ

ನಮ್ಮ ಯಜಮಾನರು ನಾಗರಾಜ್ ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ಶುರುಮಾಡಿ, ಆಮೇಲೆ ಬೊಮ್ಮಸಂದ್ರದಲ್ಲಿ ಕಂಪ್ರೆಸರ್ ಮಾರುವ, ರಿಪೇರಿ ಮಾಡುವ ಸ್ವಂತ ಅಂಗಡಿ ಇಟ್ಟವರು. ಗಾಳಿಯನ್ನು ಒತ್ತಿ ಒತ್ತಿ ಟ್ಯಾಂಕಿಗೆ ತುಂಬುವ ಯಂತ್ರ ಅದು. ಪಂಕ್ಚರ್ ಅಂಗಡಿಗೂ ಬೇಕು, ದೊಡ್ಡ ಕಾರ್ಖಾನೆಗೂ ಬೇಕು. ಆ ವರ್ಷ ವ್ಯಾಪಾರ ಚೆನ್ನಾಗಾಯಿತೆಂದು ಕಂಪನಿಯವರು ಡೀಲರುಗಳನ್ನೆಲ್ಲ ಹೆಂಡಿರ ಸಮೇತ ಐದು ದಿನ ಥಾಯ್ಲೆಂಡಿಗೆ ಕಳಿಸಿದರು.

"ಏನಿಲ್ಲ ಸರೋಜಾ, ಸಮುದ್ರದ ಪಕ್ಕ ಕೂತ್ಕೊಂಡು ಎಳನೀರು ಕುಡಿಯೋದು, ವಾಪಸ್ ಬರೋದು" ಎಂದರು ಇವರು.

"ಎಳನೀರು ಚಂದಾಪುರ ಸರ್ಕಲ್ಲಲ್ಲೇ ಸಿಗುತ್ತಲ್ರೀ" ಎಂದೆ. ಆದರೂ ಸಮುದ್ರ ಎಂದ ಕೂಡಲೇ ಒಳಗೆ ಏನೋ ಮಿಸುಕಾಡಿತು. ನೀರಿನ ಜೊತೆ ನನಗೊಂದು ಹಳೆಯ ಹಟ ಉಳಿದುಹೋಗಿತ್ತು. ಅದೇನೆಂದು ಇಲ್ಲೇ ಹೇಳಿಬಿಡಬೇಕು.

ನನ್ನ ತವರು ಚಂದಾಪುರದಿಂದ ಆನೇಕಲ್ ಕಡೆಗೆ ಹೋಗುವ ದಾರಿಯಲ್ಲಿದೆ. ನಮ್ಮ ಹೊಲದಲ್ಲಿ ಕಲ್ಲು ಕಟ್ಟಿದ, ಒಂದು ಮಗ್ಗುಲಿಗೆ ಮೆಟ್ಟಿಲಿದ್ದ ದೊಡ್ಡ ಬಾವಿಯಿತ್ತು. ಬೇಸಿಗೆಯಲ್ಲೂ ಮೂರಾಳು ನೀರು. ಎಂದೂ ಬತ್ತಿದ್ದನ್ನು ಕಂಡವರಿಲ್ಲ. ನನ್ನಣ್ಣ ಮುನಿರಾಜು ನನಗಿಂತ ಮೂರು ವರ್ಷ ದೊಡ್ಡವನು. ಅವನೇ ನನ್ನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, "ಸಾಯಲ್ಲ ಬಿಡು" ಎಂದು ಹಿಂದಿನಿಂದ ತಳ್ಳಿದವನು. ಒಂದು ಬೇಸಿಗೆಗೆ ಬುರುಡೆ ಬಿಟ್ಟೆ, ಇನ್ನೊಂದು ಬೇಸಿಗೆಗೆ ಮುಳುಗುವುದನ್ನು ಕಲಿತೆ. ಊರಿನ ಮಕ್ಕಳಲ್ಲಿ ಒಂದು ಪಂದ್ಯವಿತ್ತು. ತಳ ಮುಟ್ಟಿದೆ ಎಂದು ಬಾಯಲ್ಲಿ ಹೇಳಿದರೆ ಯಾರೂ ಒಪ್ಪುತ್ತಿರಲಿಲ್ಲ, ತಳದ ಮಣ್ಣನ್ನು ಹಿಡಿಯಲ್ಲಿ ತರಬೇಕಿತ್ತು. ಮೇಲೆ ಬಂದವರಿಗೆ "ತೋರ್ಸು ಕೈ" ಎನ್ನುವುದು ರೂಢಿ. ಅಣ್ಣ ಪ್ರತಿ ಸಲವೂ ಕೈ ತೋರಿಸುತ್ತಿದ್ದ, ಅವನ ಬೆರಳ ಸಂದಿಯಿಂದ ಕಪ್ಪು ಕೆಸರು ಇಳಿಯುತ್ತಿತ್ತು. ನಾನು ಪ್ರತಿ ಸಲವೂ ಬರಿಗೈ.

ಹದಿಮೂರನೆಯ ವಯಸ್ಸಿನ ಬೇಸಿಗೆಯಲ್ಲಿ ಒಂದು ದಿನ ಬಹಳ ಕೆಳಗೆ ಹೋದೆ. ನೀರು ಒಮ್ಮೆಲೇ ತಣ್ಣಗಾಯಿತು, ಕಿವಿ ಸಿಡಿಯುವಂತಾಯಿತು, ಸುತ್ತ ಕತ್ತಲೆ. ಇನ್ನೊಂದು ಮಾರು ಇತ್ತೋ ಏನೋ, ದಮ್ಮು ಸಾಲದೆ ಮೇಲೆ ಬಂದೆ. "ನಾಳೆ ಮುಟ್ಟೇ ಮುಟ್ತೀನಿ ನೋಡು" ಎಂದು ಅಣ್ಣನಿಗೆ ಸವಾಲು ಹಾಕಿದೆ. ಮಾರನೆಯ ದಿನ ನಾನು ದೊಡ್ಡವಳಾದೆ. ಹಸೆಗೆ ಕೂರಿಸಿದರು, ಎಳ್ಳು ಬೆಲ್ಲ ಕುಟ್ಟಿದ ಚಿಗಳಿ ತಿನ್ನಿಸಿದರು, ಆರತಿ ಎತ್ತಿದರು. ಎಲ್ಲ ಮುಗಿದ ಮೇಲೆ ಅಜ್ಜಿ, "ಇನ್ನ ಬಾವಿ ತಾವ ಓಗ್ಬೇಡ ಕಣಮ್ಮಿ. ಓದ್ರೆ ಕಾಲು ಮುರೀತೀನಿ" ಎಂದಳು. ನಮ್ಮ ಮನೆಯಲ್ಲಿ ಅಜ್ಜಿಗೆ ಎದುರು ಮಾತಾಡಿ ದಕ್ಕಿಸಿಕೊಳ್ಳುತ್ತಿದ್ದವನು ಅಣ್ಣ ಒಬ್ಬನೇ, ಅವಳ ಮುದ್ದಿನ ಮೊಮ್ಮಗ. ಅವನು ಪಕ್ಕದಲ್ಲೇ ಕೂತು ನನ್ನ ಪಾಲಿನ ಚಿಗಳಿ ತಿನ್ನುತ್ತಿದ್ದ.

ಆಮೇಲೆ ಹೊಲಕ್ಕೆ ಬುತ್ತಿ ಕೊಂಡುಹೋದಾಗಲೆಲ್ಲ ದಡದಲ್ಲಿ ನಿಂತು ನೋಡುವುದಷ್ಟೇ ಆಯಿತು. ಈಗ ಆ ಬಾವಿಯೂ ಇಲ್ಲ. ಸುತ್ತ ಕಟ್ಟಡಗಳೆದ್ದು ಚರಂಡಿ ನೀರು ಸೇರಿ ಕೆಟ್ಟಿತು, ಅಣ್ಣ ಅದನ್ನು ಮುಚ್ಚಿಸಿ ಬಾಡಿಗೆ ಮನೆಗಳನ್ನು ಕಟ್ಟಿಸಿದ. ರಾಯಚೂರು, ಯಾದಗಿರಿ ಕಡೆಯಿಂದ ಫ್ಯಾಕ್ಟರಿ ಕೆಲಸಕ್ಕೆ ಬಂದವರು ಅಲ್ಲಿದ್ದಾರೆ. ಬಾವಿಯಿದ್ದ ಜಾಗದಲ್ಲಿ ಅವರ ಬೈಕುಗಳು ನಿಲ್ಲುತ್ತವೆ. ಟಿಪ್ಪರಿನಲ್ಲಿ ಮಣ್ಣು ತಂದು ಸುರಿದ ದಿನ ನಾನೂ ಅಲ್ಲಿದ್ದೆ. ಇನ್ನು ಆ ತಳ ಈ ಜನ್ಮಕ್ಕೆ ಸಿಗುವುದಿಲ್ಲ ಎಂದು ಹೊಟ್ಟೆ ಉರಿದುಹೋಯಿತು. ಅತ್ತಿಗೆ ಕೊಟ್ಟ ಟೀ ಕುಡಿದು ಮನೆಗೆ ಬಂದೆ.

ಮೊದಲ ದಿನ: ಫುಕೆಟ್

ಆ ಊರಿನಲ್ಲಿ ಅಂಗಡಿಗೆ ಹೋದರೂ ಎಷ್ಟೋ ಕಡೆ ಚಪ್ಪಲಿ ಹೊರಗೆ ಬಿಡಬೇಕು. ನಮ್ಮ ಗುಂಪಿನ ಗಂಡಸರೆಲ್ಲ ಈ ಪ್ರವಾಸಕ್ಕೆಂದೇ ಒಂದೇ ತರಹದ ಬಿಳೀ ಶೂ ಕೊಂಡಿದ್ದರು. ಒಂದು ಅಂಗಡಿಯಿಂದ ಹೊರಗೆ ಬರುವಾಗ ಎಲ್ಲ ಕಲಸುಮೇಲೋಗರ. ಇವರು ಪೀಣ್ಯದ ಡೀಲರೊಬ್ಬರ ಶೂ ಮೆಟ್ಟಿಕೊಂಡು ಇಡೀ ಮಧ್ಯಾಹ್ನ ಟಪಟಪ ಸದ್ದು ಮಾಡುತ್ತ ತಿರುಗಿದರು. ಆ ಪುಣ್ಯಾತ್ಮರು ಇವರ ಶೂನಲ್ಲಿ ಕುಂಟುತ್ತ ಹಿಂದೆ ಬರುತ್ತಿದ್ದರು. ಇಬ್ಬರಿಗೂ ಸಂಜೆಯವರೆಗೆ ಅನುಮಾನ ಬರಲಿಲ್ಲ ಎಂದರೆ ನೋಡಿ, ಇವರನ್ನು ನಂಬಿ ಜನ ಯಂತ್ರ ಕೊಳ್ಳುತ್ತಾರೆ.

ಅಲ್ಲಿ ಪ್ರತಿ ಮನೆಯ, ಅಂಗಡಿಯ ಮುಂದೆ ಕಂಬದ ಮೇಲೊಂದು ಪುಟ್ಟ ಗುಡಿ. ಆ ಜಾಗವನ್ನು ಕಾಯುವ ದೇವರಂತೆ. ಎಡೆಗೆ ಕೆಂಪು ಷರಬತ್ತಿನ ಸೀಸೆ, ಅದಕ್ಕೆ ಕುಡಿಯಲು ಒಂದು ಕೊಳವೆಯನ್ನೂ ಸಿಕ್ಕಿಸಿರುತ್ತಾರೆ. ನಮ್ಮ ಜೊತೆಯಲ್ಲಿದ್ದ ಪೀಣ್ಯದ ವಿಜಯಕ್ಕ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ನಮ್ಮೂರ ಮುನೇಶ್ವರನಿಗೆ ಬೀಡಿ ಹಚ್ಚಿ ಇಡುತ್ತೇವಲ್ಲ, ಷರಬತ್ತು ಎಷ್ಟೋ ವಾಸಿ. ಕೈಮುಗಿದೆ.

ಎರಡನೆಯ ದಿನ: ಹೋಟೆಲಿನ ಈಜುಕೊಳ

ಎಲ್ಲರೂ ಬಟ್ಟೆ ಅಂಗಡಿಗೆ ಹೊರಟರು. ಕಾಲು ನೋವು ಎಂದು ಸುಳ್ಳು ಹೇಳಿ ಉಳಿದುಕೊಂಡೆ. ಹೋಟೆಲಿನ ಹಿಂದೆ ಆಳದ ಈಜುಕೊಳವಿತ್ತು. ಅದರ ತಳದಲ್ಲಿ ನಾಲ್ಕು ಜನ ಚಕ್ಕಳಮಕ್ಕಳ ಹಾಕಿ ಪಂಕ್ತಿಯೂಟಕ್ಕೆ ಕೂತಂತೆ ಕೂತಿದ್ದರು. ಒಂದು ನಿಮಿಷವಾಯಿತು, ಎರಡು ನಿಮಿಷವಾಯಿತು, ಐದಾಯಿತು, ಯಾರೂ ಮೇಲೆ ಬರಲೊಲ್ಲರು. ಅವರ ತಲೆಯ ಮೇಲಿಂದ ಗುಳ್ಳೆ ಮಾತ್ರ ಏಳುತ್ತಿತ್ತು. ನಾನು ಅಂಚಿನಲ್ಲಿ ಕೂತು, ಸೀರೆ ಮಂಡಿಯವರೆಗೆ ಎತ್ತಿಕೊಂಡು, ಕಾಲು ನೀರಿಗಿಳಿಬಿಟ್ಟು ನೋಡುತ್ತಲೇ ಇದ್ದೆ. ಹಿಂದೆ ಇವರು ಬಂದು ನಿಂತದ್ದೂ ತಿಳಿಯಲಿಲ್ಲ.

ಅವರಿಗೆ ಕಲಿಸುತ್ತಿದ್ದವಳ ಹೆಸರು ನೋಯ್. ಗಿಡ್ಡ ಮೈಕಟ್ಟು, ಬಿಸಿಲಿಗೆ ಕಂದಿದ ಮುಖ, ವಯಸ್ಸು ಮೂವತ್ತೈದಿರಬಹುದು. ನೀರಿನಿಂದೆದ್ದು ಬಂದು ನನ್ನನ್ನು ನೋಡಿ, ಹರಕುಮುರುಕು ಇಂಗ್ಲಿಷಿನಲ್ಲಿ, ಇಳಿಯುತ್ತೀಯಾ ಎಂದು ಕೇಳಿದಳು. ನನ್ನ ಇಂಗ್ಲಿಷೂ ಅವಳದ್ದರ ತಂಗಿಯೇ, ಚೆನ್ನಾಗಿ ಹೊಂದಿಕೊಂಡಿತು. ನಾನು ಇವರ ಮುಖ ನೋಡಿದೆ. ಇವರು ಪೀಣ್ಯದಲ್ಲಿ ನಲ್ಲಿ ನೀರಿನಲ್ಲಿ ಬೆಳೆದವರು, ಈಜು ಬಾರದು. ಮುಖ ಬಿಳಿಚಿಕೊಂಡಿತ್ತು. ಆದರೂ, "ನಿಂಗಿಷ್ಟ ಇದ್ರೆ ನೋಡು" ಎಂದರು.

ರಬ್ಬರಿನ ಉಡುಪಿನೊಳಗೆ ನನ್ನನ್ನು ತುರುಕುವುದಕ್ಕೆ ನೋಯ್‌ಗೆ ಅರ್ಧ ಗಂಟೆ ಹಿಡಿಯಿತು. ಕಾಲಿಗೆ ಹಾಕುವ ಮೀನಿನ ಬಾಲದಂಥ ರಬ್ಬರಿಗೆ ಕಾಲುಂಗುರ ಸಿಕ್ಕಿಕೊಂಡಿತು, ಸೋಪು ಹಚ್ಚಿ ಬಿಡಿಸಿದ್ದಾಯಿತು. ಅಷ್ಟರಲ್ಲಿ ವಿಜಯಕ್ಕ ಅಂಗಡಿಯಿಂದ ವಾಪಸ್ಸು ಬಂದು ಬಾಯಿ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ಸರೋಜಮ್ಮ, ಗಂಡಸ್ರೆಲ್ಲ ಇದಾರೆ ಕಣ್ರೀ!"

"ಇರ್ಲಿ ಬಿಡಿ ವಿಜಯಕ್ಕ. ಕತ್ತಿಂದ ಕಾಲ್ವರೆಗೂ ಮುಚ್ಚೈತೆ, ಸೀರೇಲೂ ಇಷ್ಟು ಮುಚ್ಚಲ್ಲ" ಎಂದು ಇಳಿದೆ.

ನೀರು ತಲೆಯ ಮೇಲೆ ಮುಚ್ಚಿಕೊಂಡಿತು. ಮೂವತ್ತಾರು ವರ್ಷದ ಮೇಲೆ. ಆ ಸದ್ದು, ಹೊರಗಿನ ಲೋಕದ ಬಾಗಿಲು ಹಾಕಿದಂತಾಗುವ ಆ ಸದ್ದು ಹಾಗೇ ಇತ್ತು. ಕಣ್ಣು ತುಂಬಿ ಬಂತು. ನೋಯ್ ಬೆರಳನ್ನು ಉಂಗುರ ಮಾಡಿ ತೋರಿಸಿ, ಸರಿ ಇದೆಯಾ ಎಂದು ಕೇಳಿದಳು. ನಾನು ತಲೆ ಅಲ್ಲಾಡಿಸಿದೆ. ಅವಳು ತಟ್ಟನೆ ನನ್ನ ತೋಳು ಹಿಡಿದು ಮೇಲೆ ತಂದಳು. ಮತ್ತೆ ಇಳಿದೆವು, ಮತ್ತೆ ಕೇಳಿದಳು, ಮತ್ತೆ ತಲೆ ಅಲ್ಲಾಡಿಸಿದೆ, ಮತ್ತೆ ಮೇಲೆ. ಮೂರನೆಯ ಸಲ, ಏನು ತೊಂದರೆ ನಿನಗೆ ಎಂದು ರೇಗಿದಳು. ದಡದಿಂದ ಇವರು ಕೂಗಿ ಹೇಳಿದರು, ನಮ್ಮಲ್ಲಿ ಆ ಕಡೆಗೂ ಈ ಕಡೆಗೂ ತಲೆ ಅಲ್ಲಾಡಿಸಿದರೆ ಹೂಂ ಎಂದು ಅರ್ಥ ಎಂದು. ನೋಯ್ ನಕ್ಕಳು.

ಆದರೆ ಆಮೇಲೆ ನಗಲಿಲ್ಲ. ತಳದಲ್ಲಿ ಕೂತಾಗ ನನ್ನ ತಲೆಯ ಮೇಲಿಂದ ಗುಳ್ಳೆಗಳೇ ಏಳುತ್ತಿಲ್ಲ ಎಂದು ಅವಳು ಕಂಡುಹಿಡಿದಳು. ಬಾಯಲ್ಲಿ ಗಾಳಿಯ ಕೊಳವೆಯಿದೆ, ಬೆನ್ನ ಮೇಲೆ ಒಂದು ಗಂಟೆಗಾಗುವಷ್ಟು ಗಾಳಿಯಿದೆ, ನಾನು ಮಾತ್ರ ಅಣ್ಣ ಕಲಿಸಿದ ಹಾಗೆ ದಮ್ಮು ಕಟ್ಟಿ ಮನಸ್ಸಿನಲ್ಲೇ ಎಣಿಸುತ್ತ ಕೂತಿದ್ದೆ. ಅರವತ್ತರವರೆಗೆ ಎಣಿಸಿದ್ದೆ, ಒಳಗೊಳಗೇ ಹೆಮ್ಮೆಯೂ ಆಗಿತ್ತು. ನೋಯ್ ಮೇಲೆ ತಂದು ಕೂರಿಸಿ, ನೀರಿನಡಿ ಉಸಿರು ಹಿಡಿಯುವುದೇ ದೊಡ್ಡ ತಪ್ಪು ಎಂದಳು. ಒತ್ತಡದಲ್ಲಿ ತುಂಬಿದ ಗಾಳಿ ಮೇಲೇರಿದಂತೆ ಹಿಗ್ಗುತ್ತದೆ, ಹಿಡಿದಿಟ್ಟುಕೊಂಡರೆ ಶ್ವಾಸಕೋಶ ಹರಿಯುತ್ತದೆ. ನಾನು ಬೆಪ್ಪಾಗಿ ಇವರನ್ನು ನೋಡಿದೆ. ಇವರಿಗೆ ಕೂಡಲೇ ಅರ್ಥವಾಯಿತು.

"ಸೇಫ್ಟಿ ವಾಲ್ವ್ ಮುಚ್ಚಿ ಟ್ಯಾಂಕ್ ತುಂಬಿದಂಗೆ ಸರೋಜಾ. ಒಡೆದೋಗುತ್ತೆ."

ಮತ್ತೆ ನಾಲ್ಕು ಸಲ ಇಳಿದೆ. ನಾಲ್ಕು ಸಲವೂ ಗೊತ್ತಿಲ್ಲದೆ ದಮ್ಮು ಕಟ್ಟಿದೆ. ಬಾವಿಯಲ್ಲಿ ಕಲಿತದ್ದು ಮೈಗೆ ಹತ್ತಿಬಿಟ್ಟಿತ್ತು. ನೋಯ್ ನೇರವಾಗಿ ಹೇಳಿದಳು. ಕಡಲಿಗಿಳಿದ ಮೇಲೆ ಒಂದು ದಿನವಾದರೂ ವಿಮಾನ ಹತ್ತುವಂತಿಲ್ಲ. ನಾವು ಐದನೆಯ ದಿನ ಮಧ್ಯಾಹ್ನ ಹೊರಡುವವರು, ಆದ್ದರಿಂದ ನಾಲ್ಕನೆಯ ದಿನ ಬೆಳಗ್ಗೆ ಬಿಟ್ಟರೆ ಬೇರೆ ಅವಕಾಶವಿಲ್ಲ. ನಾಳೆ ಸಂಜೆ ಇನ್ನೊಂದು ಸಲ ಈಜುಕೊಳದಲ್ಲಿ ನೋಡುತ್ತೇನೆ, ಉಸಿರಾಡಿದರೆ ಕರೆದುಕೊಂಡು ಹೋಗುತ್ತೇನೆ, ಇಲ್ಲದಿದ್ದರೆ ದಯವಿಟ್ಟು ಕೇಳಬೇಡ ಎಂದಳು.

ಹನ್ನೆರಡು ಮೀಟರ್ ಕೆಳಗೆ ಬಿಳೀ ಮರಳಿನ ತಳ ಎಂದು ಅವಳು ತೋರಿಸಿದ ಚಿತ್ರ ಕಣ್ಣಿಗೆ ಕಟ್ಟಿತ್ತು. ತಳ ಮತ್ತೊಂದು ಸಲ ಕೈತಪ್ಪುತ್ತದೆ ಎನ್ನಿಸಿ ಊಟ ಸೇರಲಿಲ್ಲ. ಐವತ್ತಕ್ಕೆ ಒಂದು ಕಮ್ಮಿ ವಯಸ್ಸಿನವಳು ಹೋಟೆಲಿನ ಬಾತ್‌ರೂಮಿನಲ್ಲಿ ಕೂತು ಅತ್ತೆ.

ಮೂರನೆಯ ದಿನ: ಗಾಳಿ ತುಂಬುವ ಕೋಣೆ

ಬೆಳಗ್ಗೆ ಎದ್ದು ನೋಡಿದರೆ ಇವರು ಹಾಸಿಗೆಯಲ್ಲಿಲ್ಲ. ಹುಡುಕಿಕೊಂಡು ನೋಯ್‌ಳ ಅಂಗಡಿಗೆ ಹೋದೆ. ಹಿಂಬದಿಯ ಕೋಣೆಯಲ್ಲಿ ಸಿಲಿಂಡರುಗಳಿಗೆ ಗಾಳಿ ತುಂಬುವ ಕಂಪ್ರೆಸರ್ ಓಡುತ್ತಿತ್ತು. ಅದರ ಮುಂದೆ ಇವರು ಕುಕ್ಕರಗಾಲಲ್ಲಿ ಕೂತು, ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡಿದ್ದರು. ಬೊಮ್ಮಸಂದ್ರದಲ್ಲಿ ಯಂತ್ರದ ಹೊಟ್ಟೆಯ ಸದ್ದು ಕೇಳುವುದೇ ಹೀಗೆ. ಪಕ್ಕದಲ್ಲಿ ಅಂಗಡಿಯ ಮಾಲೀಕ, ನೋಯ್‌ಳ ಚಿಕ್ಕಪ್ಪ, ತಾನೂ ಒಂದು ಸ್ಕ್ರೂಡ್ರೈವರ್ ಕಿವಿಗಿಟ್ಟುಕೊಂಡು ಕೂತಿದ್ದ. ಇವರಿಗೆ ಥಾಯ್ ಬಾರದು, ಅವನಿಗೆ ಇಂಗ್ಲಿಷೂ ಬಾರದು. ಇಬ್ಬರೂ ತಲೆದೂಗುತ್ತಿದ್ದರು.

"ಏನ್ರೀ ಇದು, ಇಲ್ಲೂ ರಿಪೇರಿನಾ?"

"ಯಂತ್ರ ಚೆನ್ನಾಗೈತೆ. ಗಾಳಿ ಎಲ್ಲಿಂದ ಎಳ್ಕೊಳ್ಳುತ್ತೆ ನೋಡು" ಎಂದು ಹಿಂದಿನ ಓಣಿಗೆ ಕರೆದುಕೊಂಡು ಹೋದರು. ಗಾಳಿ ಎಳೆಯುವ ಪೈಪಿನ ಬಾಯಿ ಗೋಡೆಯಾಚೆ ಇತ್ತು, ಅದರ ಕೆಳಗೇ ಪ್ರವಾಸಿಗರ ವ್ಯಾನೊಂದು ಎಂಜಿನ್ ಆರಿಸದೆ ನಿಂತಿತ್ತು. "ವ್ಯಾನಿನ ಹೊಗೆ ಸೀದಾ ಸಿಲಿಂಡರಿಗೆ. ನಮ್ ಅಂಗಡೀಲಿ ಈ ಗಾಳಿ ಟೈರಿಗೆ ಹೋಗುತ್ತೆ, ಪೇಂಟಿಗೆ ಹೋಗುತ್ತೆ, ಹೆಂಗಿದ್ರೂ ನಡೆಯುತ್ತೆ. ಇಲ್ಲಿ ನೀನು ಕುಡೀತೀಯ."

ಆ ವ್ಯಾನು ಅಲ್ಲಿ ನಿಲ್ಲುವುದು ಹೊಸದಂತೆ, ಮಾಲೀಕನಿಗೂ ಗೊತ್ತಿರಲಿಲ್ಲ. ನೋಡಿದ ಕೂಡಲೇ ಅವನು ಹಣೆ ಚಚ್ಚಿಕೊಂಡ. ಇಬ್ಬರೂ ಸೇರಿ ಏಣಿ ಹಾಕಿ ಪೈಪನ್ನು ಉದ್ದ ಮಾಡಿ, ಸೂರಿನ ಮೇಲೆ ಕಡಲ ಕಡೆಗೆ ತಿರುಗಿಸಿ ತಂತಿಯಲ್ಲಿ ಬಿಗಿದರು. ತುಂಬಿದ್ದ ಸಿಲಿಂಡರುಗಳನ್ನೆಲ್ಲ ಖಾಲಿ ಮಾಡಿ ಮತ್ತೆ ತುಂಬಿದರು. ಒಂದರ ವಾಲ್ವನ್ನು ಸ್ವಲ್ಪ ತಿರುಗಿಸಿ ಇವರು ಮೂಸಿದರು, ನಾಲಗೆ ಚಾಚಿ ಗಾಳಿ ಬಿಟ್ಟುಕೊಂಡರು. "ಗಾಳಿಗೆ ವಾಸನೆ ಇರಬಾರ್ದು, ರುಚಿ ಇರಬಾರ್ದು. ಈಗ ಸರಿಯಾಗೈತೆ" ಎಂದು ಆ ಸಿಲಿಂಡರಿಗೆ ತಮ್ಮ ಕರವಸ್ತ್ರ ಕಟ್ಟಿ ಗುರುತು ಮಾಡಿ, ನೋಯ್‌ಗೆ ತೋರಿಸಿ ಇಟ್ಟರು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಈ ಮನುಷ್ಯ ಬಾಯಿಬಿಟ್ಟು ಒಂದು ಒಳ್ಳೆಯ ಮಾತಾಡಿದ್ದು ನೆನಪಿಲ್ಲ. ಅವತ್ತು ಏಣಿ ಇಳಿದು ಬಂದವರ ಮುಖದ ಮಸಿ ನೋಡಿ ಎಷ್ಟು ಪ್ರೀತಿ ಬಂತೆಂದರೆ, ಸೆರಗಿನಲ್ಲಿ ಒರೆಸಿದೆ. ವಿಜಯಕ್ಕ ನೋಡಿದ್ದರೆ ನೋಡಲಿ.

ಸಂಜೆ ಈಜುಕೊಳಕ್ಕೆ ಹೋಗುವ ಮೊದಲು ಇವರೇ ಉಪಾಯ ಹೇಳಿದರು. "ನೋಡು, ನಿನ್ ಬಾಯಿ ಮಾತಾಡ್ತಿರೋವಾಗ ದಮ್ಮು ಕಟ್ಟಲ್ಲ. ಒಳಗಡೆ ಕೂತು ಮನಸ್ಸಲ್ಲೇ ನನ್ನ ಬೈತಾ ಇರು. ಅದೊಂದು ನಿಂಗೆ ಚೆನ್ನಾಗಿ ಬರುತ್ತೆ."

ನೀರಿನ ತಳದಲ್ಲಿ ಕೂತು ಶುರುಮಾಡಿದೆ. ಮದುವೆಯಲ್ಲಿ ಕಾಫಿಗೆ ಸಕ್ಕರೆ ಕಮ್ಮಿಯೆಂದು ಮುಖ ಗಂಟುಹಾಕಿದ್ದು, ಬಾಣಂತನಕ್ಕೆ ತವರಿಗೆ ಬಿಡಲು ಬಂದು ಬಸ್ಸಿನಲ್ಲಿ ಗಂಟು ಮರೆತದ್ದು, ನಿನ್ನೆ ಮೊನ್ನೆಯ ಬೇರೆಯವರ ಶೂ. ಒಂದೊಂದು ಬೈಗುಳಕ್ಕೂ ಒಂದೊಂದು ಗೊಂಚಲು ಗುಳ್ಳೆ ಎದ್ದವು. ಹತ್ತು ನಿಮಿಷವಾಯಿತು. ಬೈಗುಳ ಇನ್ನೂ ಅರ್ಧವೂ ಮುಗಿದಿರಲಿಲ್ಲ. ನೋಯ್ ಎರಡೂ ಕೈಯ ಬೆರಳನ್ನು ಉಂಗುರ ಮಾಡಿ ತೋರಿಸಿದಳು. ಈ ಸಲ ನಾನೂ ತಲೆ ಅಲ್ಲಾಡಿಸದೆ ಬೆರಳಲ್ಲೇ ಉತ್ತರ ಕೊಟ್ಟೆ.

ನಾಲ್ಕನೆಯ ದಿನ: ಏಳಾಳು ನೀರು

ದೋಣಿಯ ಮೂತಿಗೆ ಅಲ್ಲಿಯವರು ಬಣ್ಣದ ಬಟ್ಟೆ ಸುತ್ತಿ ಹೂವಿನ ಹಾರ ಹಾಕುತ್ತಾರೆ. ಆಯುಧಪೂಜೆಯ ದಿನ ಹೊಸೂರು ರಸ್ತೆಯ ಲಾರಿಗಳಂತೆಯೇ. ಇವರು ಎರಡು ಲೈಫ್ ಜಾಕೆಟ್ ಹಾಕಿಕೊಂಡು, ಕೈಯಲ್ಲಿ ನಿಂಬೆಹಣ್ಣು ಹಿಡಿದುಕೊಂಡು ಕೂತಿದ್ದರು. ದಡ ಬಿಟ್ಟು ಹತ್ತು ನಿಮಿಷಕ್ಕೆ ಒಂದು ಸಲ ವಾಂತಿ, ಅರ್ಧ ಗಂಟೆಗೆ ಇನ್ನೊಂದು ಸಲ. "ಹೋಟೆಲಲ್ಲೇ ಇರ್ಬಾರ್ದಿತ್ತೇನ್ರೀ?" ಎಂದರೆ, "ಇರ್ಲಿ, ನೀನು ಮೇಲೆ ಬರೋದು ನೋಡ್ಬೇಕು" ಎಂದು ಮತ್ತೆ ಬಗ್ಗಿದರು. ಆದರೂ ಕರವಸ್ತ್ರ ಕಟ್ಟಿದ ಸಿಲಿಂಡರೇ ನನ್ನ ಬೆನ್ನೇರಿತೇ ಎಂದು ಎರಡು ಸಲ ನೋಡಿದರು.

ಹಗ್ಗ ಹಿಡಿದು ಇಳಿದೆವು. ಒಂದಾಳು ಇಳಿಯುವಷ್ಟರಲ್ಲಿ ಕಿವಿ ನೋಯತೊಡಗಿತು. ನೋಯ್ ಹೇಳಿಕೊಟ್ಟಂತೆ ಮೂಗು ಹಿಡಿದು ಮೆಲ್ಲಗೆ ಊದಿದೆ, ಪಟ್ ಎಂದು ಬಿಟ್ಟಿತು. ಇಷ್ಟೇ ಆಗಿತ್ತೇ? ಬಾವಿಯಲ್ಲಿ ಆ ದಿನ ಯಾರಾದರೂ ಇದೊಂದನ್ನು ಹೇಳಿಕೊಟ್ಟಿದ್ದರೆ! ಎರಡಾಳು, ಮೂರಾಳು. ಮೂರಾಳಿಗೆ ನಮ್ಮ ಬಾವಿ ಮುಗಿಯುತ್ತಿತ್ತು. ಇಲ್ಲಿ ಇನ್ನೂ ಬೆಳಕು ಇತ್ತು, ಕೆಳಗೆ ಇನ್ನೂ ನೀಲಿ ಇತ್ತು. ಹಳದಿ ಪಟ್ಟೆಯ ಮೀನುಗಳ ಹಿಂಡೊಂದು ನಮ್ಮನ್ನು ಬಳಸಿಕೊಂಡು ಹೋಯಿತು, ನಾವು ಅವಕ್ಕೆ ಲೆಕ್ಕಕ್ಕೇ ಇಲ್ಲ. ಹವಳದ ಬಂಡೆಯ ಸಂದಿಯಿಂದ ಒಂದು ಮೀನು ಅತ್ತೆಯ ಹಾಗೆ ಮುಖ ಹೊರಗೆ ಹಾಕಿ ನನ್ನನ್ನು ಮೇಲಿಂದ ಕೆಳಗೆ ನೋಡಿತು. ನಾನು ಇವರನ್ನು ಬೈಯುವುದನ್ನು ಯಾವಾಗಲೋ ನಿಲ್ಲಿಸಿದ್ದೆ. ಉಸಿರು ತನ್ನಷ್ಟಕ್ಕೆ ಬರುತ್ತಿತ್ತು, ಹೋಗುತ್ತಿತ್ತು. ಮೈಗೆ ತೂಕವೇ ಇರಲಿಲ್ಲ. ಅಷ್ಟು ಸುಖ ನನಗೆ ಹಿಂದೆಂದೂ ಆಗಿರಲಿಲ್ಲ.

ಏಳಾಳು ಆಳದಲ್ಲಿ ಮಂಡಿ ಮರಳಿಗೆ ತಾಗಿತು.

ತಳ. ಮುಟ್ಟಿದೆ. ನಾಳೆ ಮುಟ್ತೀನಿ ಎಂದು ಹೇಳಿದವಳು ಮೂವತ್ತಾರು ವರ್ಷ ತಡವಾಗಿ ಮುಟ್ಟಿದೆ. ಮುಖದ ಗಾಜಿನೊಳಗೆ ಅತ್ತರೆ ಒರೆಸಿಕೊಳ್ಳುವುದಕ್ಕೂ ಆಗುವುದಿಲ್ಲ, ಕಣ್ಣೀರು ಅಲ್ಲೇ ತುಂಬಿಕೊಳ್ಳುತ್ತದೆ. ನೋಯ್ ಆಗಲೇ ಫೋಟೊ ತೆಗೆದದ್ದು. ಅವಳು ಕ್ಯಾಮೆರಾ ಇಳಿಸುವುದರೊಳಗೆ ನನ್ನ ಕೈ ತಾನಾಗಿಯೇ ಮರಳಿಗೆ ಹೋಯಿತು. ಒಂದು ಹಿಡಿ ಗಟ್ಟಿಯಾಗಿ ಹಿಡಿದೆ.

ನೋಯ್ ನೋಡಿದಳು. ಹತ್ತಿರ ಬಂದು ಬೇಡ ಎಂದು ಬೆರಳಾಡಿಸಿದಳು. ನಾನು ಮುಷ್ಟಿಯನ್ನು ಬೆನ್ನ ಹಿಂದೆ ಅಡಗಿಸಿದೆ, ಮಕ್ಕಳ ಹಾಗೆ. ಅವಳು ಬಿಡಲಿಲ್ಲ. ನನ್ನ ಕೈ ಹಿಡಿದು ಒಂದೊಂದೇ ಬೆರಳನ್ನು ಬಿಡಿಸಿದಳು. ಮರಳು ಹೊಗೆಯಂತೆ ಮೆಲ್ಲಗೆ ಕೆಳಗಿಳಿಯಿತು.

ದೋಣಿಗೆ ಬಂದ ಮೇಲೆ ಅವಳ ಮೇಲೆ ಹರಿಹಾಯ್ದೆ. ಇಷ್ಟು ದೊಡ್ಡ ಕಡಲು, ಒಂದು ಹಿಡಿ ಮರಳಿಗೆ ಇಷ್ಟು ಜಿಪುಣತನವೇ ಎಂದು. ಅವಳು ಶಾಂತವಾಗಿ ಕೇಳಿಸಿಕೊಂಡು, ಇಲ್ಲಿಂದ ಒಂದು ಚಿಪ್ಪನ್ನೂ ಒಯ್ಯುವಂತಿಲ್ಲ, ದಿನಕ್ಕೆ ಎಷ್ಟು ಜನರನ್ನು ಇಳಿಸುತ್ತೇನೆ, ಎಲ್ಲರೂ ಒಂದೊಂದು ಹಿಡಿ ಒಯ್ದರೆ ಏನು ಉಳಿಯುತ್ತದೆ ಎಂದಳು. ಟಿಪ್ಪರಿನಲ್ಲಿ ಬಾವಿ ಮುಚ್ಚುವುದನ್ನು ಟೀ ಕುಡಿಯುತ್ತ ನೋಡಿದ ಊರಿನವಳು, ನನಗೆ ಮಾತಾಡುವ ಮುಖವಿರಲಿಲ್ಲ. ಇವರು ನಿಂಬೆಹಣ್ಣು ಮೂಸುತ್ತ, "ಮುಟ್ಟಿದ್ಯಾ?" ಎಂದಷ್ಟೇ ಕೇಳಿದರು. ತಲೆ ಅಲ್ಲಾಡಿಸಿದೆ. ಅವರಿಗೆ ಅರ್ಥವಾಯಿತು.

ಮರಳಿ ತವರಿನಲ್ಲಿ

ಬಂದ ವಾರಕ್ಕೆ ಅಣ್ಣನ ಮನೆಗೆ ಹೋದೆ. ಅವನು ಬಾಡಿಗೆ ಮನೆಗಳ ಕೆಳಗೆ, ಬೈಕುಗಳ ಮಧ್ಯೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ. ಸುಮಾರು ಬಾವಿಯ ನಟ್ಟನಡುವೆ. ಅತ್ತಿಗೆ ನನಗೂ ಒಂದು ಕುರ್ಚಿ ತಂದು ಹಾಕಿ ಒಳಗೆ ಹೋದರು. ಅಣ್ಣನಿಗೆ ಫೋನಿನಲ್ಲಿ ಎಲ್ಲ ಹೇಳಿದ್ದೆ, ಮಣ್ಣಿನ ಮಾತೊಂದನ್ನು ಬಿಟ್ಟು.

"ಏನಮ್ಮಿ, ಮುಟ್ಟಿದ್ಯಂತೆ?" ಎಂದ. ಆಮೇಲೆ ನಗುತ್ತ, "ಎಲ್ಲಿ, ತೋರ್ಸು ಕೈ."

ಕೈ ಬಿಡಿಸಿ ತೋರಿಸಿದೆ. "ತಂದಿದ್ದೆ ಕಣಣ್ಣ, ನೀರೊಳಗೇ ಬಿಡಿಸ್ಬಿಟ್ರು."

ತಮಾಷೆ ಮಾಡುತ್ತಾನೆ ಎಂದುಕೊಂಡಿದ್ದೆ. ಅವನು ನನ್ನ ಅಂಗೈಯನ್ನೇ ನೋಡಿದ. ಆಮೇಲೆ ತಲೆ ಎತ್ತದೆ ಹೇಳಿದ: "ನಾನು ಒಂದ್ ದಪವೂ ಮುಟ್ಟಿಲ್ಲ ಕಣಮ್ಮಿ."

"ಏನು?"

"ಬಾವಿ ತಳ. ನೀರೊಳಗೆ ಮೆಟ್ಲು ಮುಗಿಯೋ ತಾವ ಒಂದು ಬಂಡೆ ಇತ್ತಲ್ಲ, ಅದ್ರ ಸಂದೀಲಿ ಕೆಸರು ಕುಂತಿರ್ತಿತ್ತು. ಅದನ್ನೇ ಕೆರ್ಕಂಡು ಬತ್ತಿದ್ದೆ. ಅಲ್ಲಿಂದ ಕೆಳಕ್ಕೆ ಭಯ ಆಗೋದು."

ನನಗೆ ರೇಗಿಹೋಯಿತು. "ಥೂ ನಿನ್ನ! ಮೂವತ್ತಾರು ವರ್ಷ ನಿನ್ ಕೈ ನೋಡಿ ಹೊಟ್ಟೆ ಉರ್ಕೊಂಡಿದೀನಲ್ಲೋ!"

"ಬೈಯಿ, ಬೈಯಿ" ಎಂದ. "ನೀರು ತಣ್ಣಗಾಯ್ತು, ಕತ್ಲೆ ಆಯ್ತು ಅಂದ್ಯಲ್ಲ ಅವತ್ತು. ನಂಗೆ ಅದ್ಯಾವ್ದೂ ಗೊತ್ತಿರ್ಲಿಲ್ಲ. ನೀನು ನಂಗಿಂತ ಕೆಳಕ್ಕೆ ಓಗಿದ್ದೆ. ಮಾರ್ನೆ ದಿನ ಓಗಿದ್ರೆ ಮುಟ್ತಿದ್ದೆ, ನನ್ ಬಣ್ಣ ಬಯಲಾಗೋದು. ಅಜ್ಜಿ ನಿನ್ನ ಬಾವಿ ತಾವ ಓಗ್ಬೇಡ ಅಂದ್ಳಲ್ಲ, ನಾನೊಂದು ಮಾತು ಅಂದಿದ್ರೆ ಬಿಡೋಳು. ನನ್ ಮಾತು ಕೇಳೋಳು. ನಾನು ಬಾಯಿ ಬಿಡ್ಲಿಲ್ಲ."

ಅವನ ಕಣ್ಣಲ್ಲಿ ನೀರಿತ್ತು. ಅಜ್ಜಿಯ ಮೇಲೆ, ಊರಿನ ಮೇಲೆ, ಹೆಣ್ಣಾಗಿ ಹುಟ್ಟಿದ್ದರ ಮೇಲೆ ಇಟ್ಟುಕೊಂಡಿದ್ದ ಕೋಪವೆಲ್ಲ ಈಗ ಈ ನರೆತ ತಲೆಯವನ ಮೇಲೆ ಬರಬೇಕಿತ್ತು. ಬಂತು ಕೂಡ. ಆದರೆ ಬೆನ್ನಿಗೆ ಬುರುಡೆ ಕಟ್ಟಿದವನೂ ಇವನೇ. ಮೇಲಿನ ಮನೆಯವರು ಯಾರೋ ಕೆಳಗಿಳಿದು ಬಂದು, ಅಣ್ಣನಿಗೆ ನಮಸ್ಕಾರ ಹೇಳಿ, ಬೈಕ್ ತೆಗೆದುಕೊಂಡು ಡ್ಯೂಟಿಗೆ ಹೋದರು.

ಅಣ್ಣ ಕಣ್ಣೊರೆಸಿಕೊಂಡು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ತಳ ಎಂಗಿರ್ತದಮ್ಮಿ?" ಎಂದು ಕೇಳಿದ.

ಹೇಳಿದೆ. ಕಿವಿ ಪಟ್ ಎಂದದ್ದು, ಮೂರಾಳು ದಾಟಿದ ಮೇಲೂ ಬೆಳಕಿದ್ದದ್ದು, ಮಂಡಿಗೆ ಮೊದಲು ಮರಳು ತಾಗಿದ್ದು, ಅದು ಕೆಸರಿನಂತೆ ಜಾರದೆ ಗಟ್ಟಿಯಾಗಿದ್ದದ್ದು. ಹೇಳುತ್ತ ಹೇಳುತ್ತ ಅವನ ಕಡೆ ನೋಡಿದೆ. ಕೆನ್ನೆ ಉಬ್ಬಿಸಿಕೊಂಡು, ತುಟಿ ಬಿಗಿದುಕೊಂಡು, ಎರಡೂ ಕೈಯಲ್ಲಿ ಕುರ್ಚಿ ಹಿಡಿದು ಕೂತಿದ್ದ.

"ದಮ್ಮು ಕಟ್ಬೇಡ ಕಣಣ್ಣ" ಎಂದೆ. "ಉಸಿರಾಡು."